ಘಟ್ಟದ ಮೇಲಿನ ಚಳಿಗೆ ತೆಂಗಿನ ಸಸಿ: ಬೀಜದ ಕಾಯಿಯಿಂದ ಎರಡನೇ ಚಳಿಗಾಲದವರೆಗೆ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವಷ್ಟರಲ್ಲಿ ನೆಲ ಸುಮಾರು 600 ಮೀಟರ್ ಮೇಲೇರಿರುತ್ತದೆ. ನಮ್ಮ ಸೀಮೆಯಲ್ಲಿ ತೆಂಗು ಚೆನ್ನಾಗಿ ಬರುವ ಎತ್ತರಕ್ಕೆ ಕೃಷಿ ಪುಸ್ತಕಗಳು ಹಾಕುವ ಗೆರೆಯೂ ಹೆಚ್ಚುಕಡಿಮೆ ಅದೇ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ತೆಂಗು ಕೈಗೆ ಸಿಕ್ಕೂ ಸಿಗದ ಬೆಳೆ. ಘಟ್ಟದ ಕೆಳಗೆ ಅಂಗಳದ ಮೂಲೆಗೆ ಎಸೆದ ಕಾಯಿ ತಾನಾಗಿ ಮೊಳೆತು ಮರವಾಗುತ್ತದೆ. ಮೇಲೆ ತಂದು ನೆಟ್ಟ ಅದೇ ಕಾಯಿಯ ಸಸಿ ಡಿಸೆಂಬರ್ ಬಂದರೆ ಮಂಕಾಗಿ, ಶಿವರಾತ್ರಿಯ ಹೊತ್ತಿಗೆ ಸುಳಿ ಕಳಚುತ್ತದೆ.

ಎತ್ತರವೊಂದೇ ಕಾರಣವಾಗಿದ್ದರೆ ತಿಪಟೂರಿನಲ್ಲಿ ತೆಂಗು ಬೆಳೆಯಬಾರದಿತ್ತು. ಆ ಊರು ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಆದರೂ ಅಲ್ಲಿನ ಜೀವನ ನಡೆಯುವುದೇ ಕೊಬ್ಬರಿಯ ಮೇಲೆ. ವ್ಯತ್ಯಾಸ ಇರುವುದು ಮಣ್ಣಿನಲ್ಲಿ. ಅಲ್ಲಿ ಮಳೆ ಕಡಿಮೆ, ಚಳಿಗಾಲದಲ್ಲಿ ಹಗಲಿಡೀ ಬಿಸಿಲು, ರಾತ್ರಿ ತಣ್ಣಗಾದ ನೆಲ ಮಧ್ಯಾಹ್ನದೊಳಗೆ ಮತ್ತೆ ಕಾಯುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದ ಮಳೆ ನೆಲದಲ್ಲಿ ಕೂತಿರುತ್ತದೆ, ಮೇಲೆ ಮರಗಳ ನೆರಳು, ಕೆಳಗೆ ಕಣಿವೆಯ ಶೀತ. ತೆಂಗಿಗೆ ಹಿತವಾದ ಸರಾಸರಿ ತಾಪ 27 ಡಿಗ್ರಿ. 20ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ನಿಧಾನವಾಗುತ್ತದೆ, 15ರ ಹತ್ತಿರ ಬಹುಮಟ್ಟಿಗೆ ನಿಂತೇಹೋಗುತ್ತದೆ. ಎಳೆ ಸಸಿ ಸಾಯುವುದು ಮುಖ್ಯವಾಗಿ ಬೇರಿನ ಸುತ್ತಲ ಒದ್ದೆ ತಂಪಿನಿಂದ. ಗಾಳಿಯ ಚಳಿಯ ಪಾಲು ಅದಕ್ಕಿಂತ ಕಡಿಮೆ. ಮುಂದಿನ ಪ್ರತಿ ಹೆಜ್ಜೆಯೂ ಬೇರನ್ನು ಬೆಚ್ಚಗೆ, ನೀರು ನಿಲ್ಲದಂತೆ ಇಡುವುದಕ್ಕೆ ಸಂಬಂಧಿಸಿದ್ದು.

ಯಾವ ಮರದ ಕಾಯಿ

ಕರಾವಳಿಯ ಎತ್ತರದ ತಳಿಯ ಮರದಿಂದಲೇ ಕಾಯಿ ಆರಿಸಿ. ಗಿಡ್ಡ ತಳಿಯ ಕೇಸರಿ ಎಳನೀರು ಎಷ್ಟೇ ಆಸೆ ಹುಟ್ಟಿಸಿದರೂ ಚಳಿ ತಡೆಯುವ ಶಕ್ತಿ ಅದಕ್ಕೆ ಕಡಿಮೆ. ತಿಪಟೂರು ಕಡೆಯ ಎತ್ತರದ ತಳಿ ಸಿಕ್ಕರೆ ಅದನ್ನೂ ನಾಲ್ಕಾರು ಇಡಿ. ತಂಪು ರಾತ್ರಿ ಅದಕ್ಕೆ ಹೊಸದಲ್ಲ. ಆದರೆ ನಮ್ಮ ಮಳೆ ಅದಕ್ಕೆ ಹೊಸದು, ಹಾಗಾಗಿ ಅದೊಂದನ್ನೇ ನಂಬಬೇಡಿ.

ತಾಯಿಮರಕ್ಕೆ 20 ವರ್ಷ ದಾಟಿರಬೇಕು, ವರ್ಷಕ್ಕೆ 80ಕ್ಕೂ ಹೆಚ್ಚು ಕಾಯಿ ಕೊಡುತ್ತಿರಬೇಕು, ತಲೆಯಲ್ಲಿ 30ಕ್ಕಿಂತ ಹೆಚ್ಚು ಗರಿ ಇರಬೇಕು. ಗರಿಯ ತೊಟ್ಟು ಗಿಡ್ಡವಾಗಿ, ದಪ್ಪಗಿದ್ದು ಗೊನೆಗೆ ಆನಿಕೆಯಾಗಿರಬೇಕು. ಒಂದು ವರ್ಷ ಬಿಟ್ಟು ಒಂದು ವರ್ಷ ಫಲ ಕೊಡುವ ಮರ ಬೇಡ. ಕೊಟ್ಟಿಗೆ ಅಥವಾ ಗೊಬ್ಬರಗುಂಡಿಯ ಪಕ್ಕ ನಿಂತು ಹುಲುಸಾಗಿರುವ ಮರವೂ ಬೇಡ. ಅದರ ಫಲ ಗೊಬ್ಬರದ ಬಲದಿಂದ ಬಂದದ್ದು. ಸಸಿಗೆ ಅದು ಇಳಿದು ಬರುವುದಿಲ್ಲ.

ಕಾಯಿಗೆ 11ರಿಂದ 12 ತಿಂಗಳು ತುಂಬಿರಬೇಕು. ಗೊನೆಯಲ್ಲಿ ಒಂದೆರಡು ಕಾಯಿ ಒಣಗಿ ಕಂದಾಗಿದ್ದರೆ ಆ ಗೊನೆ ಬಲಿತಿದೆ ಎಂದರ್ಥ. ಕೊಯ್ದು ಕೆಡವಬಾರದು, ಹಗ್ಗ ಕಟ್ಟಿ ಗೊನೆಯನ್ನೇ ಇಳಿಸಬೇಕು. ಎತ್ತರದ ಮರದಿಂದ ಗಟ್ಟಿ ನೆಲಕ್ಕೆ ಬಿದ್ದ ಕಾಯಿಯ ಕರಟದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಎರಡು ತಿಂಗಳಲ್ಲಿ ನೀರು ಸೋರಿ ಒಳಗೆ ಹುಳಿಯುತ್ತದೆ. ಸಿಪ್ಪೆ ಸಮೇತ 1.2 ಕಿಲೋಗಿಂತ ಹಗುರವಿರುವ ಕಾಯಿ, ಉದ್ದನೆ ಮೂತಿಯ ಕಾಯಿ, ಅಲ್ಲಾಡಿಸಿದರೆ ನೀರಿನ ಸದ್ದು ಬಾರದ ಕಾಯಿ ಇವನ್ನೆಲ್ಲ ಅಡುಗೆಮನೆಗೆ ಕಳಿಸಿ.

ಹತ್ತು ಸಸಿ ಬೇಕಿದ್ದರೆ 20 ಕಾಯಿ ಇಡಿ. ಕೆಲವು ಮೊಳೆಯುವುದಿಲ್ಲ, ಮೊಳೆತವುಗಳಲ್ಲೂ ಬಡಕಲನ್ನು ತೆಗೆದುಹಾಕಬೇಕಾಗುತ್ತದೆ. ಚಳಿಯ ನೆಲದಲ್ಲಿ ಬಡಕಲು ಸಸಿಗೆ ಕರುಣೆ ತೋರಿಸಿದರೆ ಮೂರು ವರ್ಷದ ಶ್ರಮ ವ್ಯರ್ಥ.

ಇಟ್ಟು ಮಾಗಿಸುವುದು

ಎತ್ತರದ ತಳಿಯ ಕಾಯಿ ಇಳಿಸಿದ ಕೂಡಲೇ ಮೊಳೆಯುವುದಿಲ್ಲ. ಸಿಪ್ಪೆ ಚೆನ್ನಾಗಿ ಒಣಗುವವರೆಗೆ, ಅಂದರೆ ಸುಮಾರು 60 ದಿನ, ನೆರಳಿನಲ್ಲಿ ಇಡಬೇಕು. ತೊಟ್ಟಿನ ಭಾಗ ಮೇಲಿರಲಿ. ಒಂದರ ಪಕ್ಕ ಒಂದು ಜೋಡಿಸಿ ಮೇಲೆ ನಾಲ್ಕು ಬೆರಳಷ್ಟು ಒಣ ಮರಳು ಮುಚ್ಚಿದರೆ ಒಳಗಿನ ನೀರು ಆರುವುದಿಲ್ಲ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಬಿಸಿಲಿಗೆ ಹರಡುವುದು ಸಾಮಾನ್ಯ ತಪ್ಪು. ಕಾಯಿ ಅಲ್ಲೇ ಕೊಬ್ಬರಿಯಾಗುತ್ತದೆ. ಗಿಡ್ಡ ತಳಿಯ ಕಾಯಿ ಇಟ್ಟುಕೊಂಡಿದ್ದರೆ ಲೆಕ್ಕ ಬೇರೆ: ಅದನ್ನು ಇಳಿಸಿದ ಹತ್ತು-ಹದಿನೈದು ದಿನದೊಳಗೆ ಮಣ್ಣಿಗೆ ಹಾಕಬೇಕು.

ಏಪ್ರಿಲ್‌ನಲ್ಲೇ ಮಲಗಿಸಿ

ಕರಾವಳಿಯ ರೂಢಿ ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ, ಬೀಜದ ಕಾಯಿ ಹಾಕುವುದು. ಅಲ್ಲಿಗೆ ಅದೇ ಸರಿ. ಮಳೆಗಾಲದಲ್ಲೂ ಅಲ್ಲಿನ ಮರಳು ಬೆಚ್ಚಗಿರುತ್ತದೆ, ನೀರು ಬಸಿದುಹೋಗುತ್ತದೆ, ಚಳಿಗಾಲವೆಂಬುದು ಹೆಸರಿಗಷ್ಟೇ. ಅದೇ ಲೆಕ್ಕವನ್ನು ಘಟ್ಟದ ಮೇಲೆ ಹಿಡಿದರೆ ಕೆಲಸ ಕೆಡುತ್ತದೆ. ಎತ್ತರದ ತಳಿ ಮೊಳೆಯಲು 60ರಿಂದ 130 ದಿನ ಬೇಕು, ಅದೂ ಬೆಚ್ಚಗಿದ್ದರೆ. ಜೂನ್‌ನಲ್ಲಿ ಹಾಕಿದ ಕಾಯಿ ಆಟಿ-ಶ್ರಾವಣದ ತಣ್ಣನೆ ಕೆಸರಿನಲ್ಲಿ ಮಲಗಿ, ದೀಪಾವಳಿಯ ಹೊತ್ತಿಗೆ ಮೂಗು ಹೊರಹಾಕುತ್ತದೆ. ಬೇರು ಬಿಡುವ ಮೊದಲೇ ಚಳಿ ಹಿಡಿಯುತ್ತದೆ.

ಆದ್ದರಿಂದ ಕಾಯಿ ಇಳಿಸುವುದು ಜನವರಿ ಕೊನೆ ಅಥವಾ ಫೆಬ್ರವರಿ ಮೊದಲು, ಮಾಗಿಸುವುದು ಮಾರ್ಚ್ ಕೊನೆಯವರೆಗೆ, ಮೊಳಕೆಗೆ ಇಡುವುದು ಯುಗಾದಿಯ ಆಸುಪಾಸು ಅಥವಾ ಏಪ್ರಿಲ್ ಮೊದಲ ವಾರ. ನಮ್ಮ ಮೇಲ್ಸೀಮೆಯಲ್ಲಿ ವರ್ಷದ ಅತಿ ಬಿಸಿಯ ಎರಡು ತಿಂಗಳು ಏಪ್ರಿಲ್-ಮೇ. ಆ ಬಿಸಿ ಪುಕ್ಕಟೆ ಸಿಗುತ್ತದೆ, ಪೂರ್ತಿ ಬಳಸಿಕೊಳ್ಳಿ. ಮೊಳಕೆ ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ ಕಾಣಿಸುತ್ತದೆ, ಚಳಿಗೆ ಮುಂಚೆ ಮೂರು ತಿಂಗಳಾದರೂ ಉಳಿಯುತ್ತದೆ.

ಮೊದಲು ಕಾಯಿಯನ್ನು ನಾಲ್ಕೈದು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ. ಒಣಗಿದ ಸಿಪ್ಪೆ ನೀರು ಹೀರಲು ಅಷ್ಟು ಹೊತ್ತು ಬೇಕೇಬೇಕು. ಕಾಯಿ ತೇಲುತ್ತದೆ, ಮೇಲೊಂದು ಕಲ್ಲು ಹೇರಿ. ತೊಟ್ಟಿನ ಕಡೆ ಸಿಪ್ಪೆಯನ್ನು ಕತ್ತಿಯಿಂದ ಅಂಗೈ ಅಗಲದಷ್ಟು ತೆಳ್ಳಗೆ ಸವರಿದರೆ ಮೊಳಕೆ ಹೊರಬರಲು ಸುಲಭ. ಕತ್ತಿ ಕರಟಕ್ಕೆ ತಾಗಬಾರದು. ಕೈ ಪಳಗದವರು ಈ ಕೆಲಸ ಬಿಟ್ಟುಬಿಡುವುದೇ ಒಳ್ಳೆಯದು. ಸವರದಿದ್ದರೂ ಕಾಯಿ ಮೊಳೆಯುತ್ತದೆ.

ಮೊಳಕೆಯ ಹಾಸಿಗೆಗೆ ಅಡಿ ಆಳದ ಮರದ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಕ್ರೇಟ್ ಸಾಕು. ಅರ್ಧ ಹೊಳೆಮರಳು, ಅರ್ಧ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ. ಕಾಯಿಯನ್ನು ಅಡ್ಡಲಾಗಿ, ಅದರ ಮೂರು ಮುಖಗಳಲ್ಲಿ ಅಗಲವಾದದ್ದು ಮೇಲೆ ಬರುವಂತೆ ಮಲಗಿಸಿ, ಬೆನ್ನು ಎರಡು ಬೆರಳು ಹೊರಗೆ ಕಾಣುವಷ್ಟು ಹೂಳಿ. ನಿಲ್ಲಿಸಿ ನೆಡುವ ಪದ್ಧತಿಯೂ ಇದೆ, ಸಾಗಾಟದಲ್ಲಿ ಸಸಿಗೆ ಪೆಟ್ಟು ಕಡಿಮೆ. ಮನೆಯಲ್ಲೇ ಬೆಳೆಸುವವರಿಗೆ ಮಲಗಿಸಿದ ಕಾಯಿ ಚೆನ್ನಾಗಿ ಮೊಳೆಯುತ್ತದೆ. ಎರಡು ಕಾಯಿಗಳ ನಡುವೆ ಅಡಿ ಅಂತರವಿರಲಿ.

ಈ ಪೆಟ್ಟಿಗೆಗೆ 28ರಿಂದ 32 ಡಿಗ್ರಿ ಬೇಕು. ಮೇ ಕೊನೆಯವರೆಗೆ ಅಂಗಳದ ಬಿಸಿಲೇ ಕೊಡುತ್ತದೆ. ಮೇಲೆ ಅರ್ಧ ನೆರಳಿನ ಬಲೆ ಕಟ್ಟಿ, ಎರಡು ದಿನಕ್ಕೊಮ್ಮೆ ನೀರು ಹನಿಸಿದರಾಯಿತು. ಮೊದಲ ದೊಡ್ಡ ಮಳೆ ಬರುವ ಮುಂಚೆ ಪೆಟ್ಟಿಗೆಯನ್ನು ಸೂರಿನೊಳಗೆ ತರಬೇಕು. ಹಳ್ಳಿಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಬಚ್ಚಲಮನೆಯ ಹಂಡೆ ಒಲೆಯ ಹಿಂಬದಿ ಗೋಡೆ. ಬೆಳಿಗ್ಗೆ ಸಂಜೆ ಒಲೆ ಉರಿಯುತ್ತದೆ, ಮಣ್ಣಿನ ಗೋಡೆ ಆ ಬಿಸಿಯನ್ನು ರಾತ್ರಿಯಿಡೀ ಹಿಡಿದುಕೊಂಡಿರುತ್ತದೆ. ಗೋಡೆಗೆ ಒಂದು ಗೇಣು ದೂರದಲ್ಲಿ ಪೆಟ್ಟಿಗೆ ಇಟ್ಟು, ಮರಳಿನೊಳಗೆ ನಾಲ್ಕು ಬೆರಳು ಆಳಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಿ. 35 ದಾಟಿದರೆ ದೂರ ಸರಿಸಿ, 25ಕ್ಕಿಂತ ಕಡಿಮೆಯಿದ್ದರೆ ಹತ್ತಿರ ತನ್ನಿ. ಹೊಗೆ ನೇರ ಬಡಿಯುವ ಜಾಗ ಬೇಡ. ಗ್ಯಾಸ್ ಗೀಸರ್ ಅಥವಾ ಸೋಲಾರ್ ಇರುವ ಮನೆಯವರು ಬೆಂಗಳೂರಿನ ನರ್ಸರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಸಸಿಗಳ ಅಡಿಗೆ ಹಾಸುವ ಬಿಸಿ ಚಾಪೆ ಬಳಸಬಹುದು, ಅದಕ್ಕೆ ತಾಪ ಹಿಡಿದಿಡುವ ಥರ್ಮೋಸ್ಟಾಟ್ ಇರಲೇಬೇಕು.

ಹಸಿ ಸಗಣಿ ಮತ್ತು ಸೊಪ್ಪಿನ ರಾಶಿಯ ಕಾವಿನ ಮೇಲೆ ಪೆಟ್ಟಿಗೆ ಇಡುವುದು ಇನ್ನೊಂದು ದಾರಿ. ಎರಡಡಿ ಎತ್ತರದ ರಾಶಿ ಮೊದಲ ವಾರ ಕೈ ಸುಡುವಷ್ಟು ಕಾಯುತ್ತದೆ, ಆಗ ಇಟ್ಟರೆ ಕಾಯಿ ಬೆಂದುಹೋಗುತ್ತದೆ. ಕಾವು ಇಳಿದು ಹದವಾದ ಮೇಲಷ್ಟೇ ಇಡಿ. ಇದರಲ್ಲಿ ಇನ್ನೊಂದು ಅಪಾಯವಿದೆ: ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಇಂಥ ಗೊಬ್ಬರದ ರಾಶಿಯಲ್ಲೇ. ರಾಶಿ ಕೆದಕುವಾಗ ಬಿಲ್ಲಿನಂತೆ ಬಾಗಿದ, ಹೆಬ್ಬೆರಳು ದಪ್ಪದ ಬಿಳಿ ಹುಳು ಕಂಡರೆ ಒಂದನ್ನೂ ಬಿಡದೆ ಹೆಕ್ಕಿ ಕೊಲ್ಲಿ.

ಒಳಗೆ ಏನಾಗುತ್ತಿದೆ ಎಂದು ತಿಳಿದರೆ ಕಾಯುವುದು ಸುಲಭ. ಕಾಯಿಯ ಮೂರು ಕಣ್ಣುಗಳಲ್ಲಿ ಎರಡು ಗಟ್ಟಿ, ಒಂದು ಮೆತ್ತಗೆ. ಆ ಮೆತ್ತನೆ ಕಣ್ಣಿನ ಕೆಳಗೆ ಕಡಲೆಕಾಳಿನಷ್ಟು ಭ್ರೂಣ. ಅದರ ಒಂದು ತುದಿ ಕಣ್ಣಿನ ಮೂಲಕ ಹೊರಗೆ ನುಗ್ಗಿದರೆ, ಇನ್ನೊಂದು ತುದಿ ಒಳಗಿನ ನೀರಿನತ್ತ ಬೆಳೆದು ಉಬ್ಬುತ್ತದೆ. ಪೇಟೆಯಲ್ಲಿ ತೆಂಗಿನ ಹೂವು ಎಂದು ಮಾರುವ, ಕಚ್ಚಿದರೆ ಸಿಹಿಯಾದ, ಸ್ಪಂಜಿನಂಥ ಹಳದಿ-ಬಿಳಿ ಉಂಡೆ ಅದೇ. ಅದು ನೀರನ್ನು ಹೀರಿ, ಕರಟದ ಪೊಳ್ಳನ್ನೆಲ್ಲ ತುಂಬಿ, ತಿರುಳನ್ನು ಒಳಗಿಂದ ಕರಗಿಸುತ್ತ ಹೊರಗಿನ ಮೊಳಕೆಗೆ ಉಣಿಸುತ್ತದೆ. ಬೇರು ಹುಟ್ಟುವುದು ಮೊಳಕೆಯ ಬುಡದಲ್ಲಿ. ಬಹಳ ದಿನ ಅದು ಸಿಪ್ಪೆಯ ನಾರಿನೊಳಗೇ ಓಡಾಡುತ್ತದೆ. ಹೊರಗೆ ಆನೆದಂತದ ತುದಿಯಂಥ ನುಣುಪಾದ ಚೂಪು ಕಾಣುವ ಹೊತ್ತಿಗೆ ಒಳಗೆ ಎರಡು ತಿಂಗಳ ಕೆಲಸ ಮುಗಿದಿರುತ್ತದೆ. ಹಾಗಾಗಿ ಮೊಳೆತಿದೆಯೋ ಇಲ್ಲವೋ ಎಂದು ಕಾಯಿ ಎತ್ತಿ ನೋಡಬೇಡಿ. ನಾರಿನಾಚೆ ಆಗಷ್ಟೇ ಇಣುಕಿದ ಬೇರಿನ ತುದಿ ಮುರಿಯುತ್ತದೆ.

ಸಿಪ್ಪೆಯ ಮೇಲೆ ಬಿಳಿ ಬೂಷ್ಟು ಬಂದರೆ ಹೆದರಬೇಡಿ, ಒಣಬಟ್ಟೆಯಲ್ಲಿ ಒರೆಸಿ ನೀರು ಕಡಿಮೆ ಮಾಡಿ. ಹುಳಿ ವಾಸನೆ ಅಥವಾ ಕಣ್ಣಿನ ಕಡೆಯಿಂದ ಜಿನುಗು ಕಂಡರೆ ಆ ಕಾಯಿ ಕೆಟ್ಟಿದೆ, ಅಕ್ಕಪಕ್ಕದವು ಕೆಡುವ ಮೊದಲು ತೆಗೆಯಿರಿ. ಐದು ತಿಂಗಳಾದರೂ ಮೊಳೆಯದ್ದನ್ನು ಬಿಟ್ಟುಬಿಡಿ. ಬೇಗ ಮೊಳೆತ ಕಾಯಿಯ ಸಸಿಯೇ ಮುಂದೆಯೂ ಚುರುಕು. ತಡವಾಗಿ ಮೊಳೆತದ್ದು ಕರಾವಳಿಯಲ್ಲಿ ಹೇಗೋ ಬದುಕೀತು, ಇಲ್ಲಿ ಚಳಿಗೆ ಸಿಕ್ಕಿಬೀಳುತ್ತದೆ.

ಚೀಲಕ್ಕೆ

ಮೊಳಕೆ ಗೇಣುದ್ದ ಬಂದಾಗ ಚೀಲಕ್ಕೆ ಹಾಕಿ. 60 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲದ, 500 ಗೇಜ್ ದಪ್ಪದ ಕಪ್ಪು ಪಾಲಿಥಿನ್ ಚೀಲ ಆಗಬೇಕು. ಕಪ್ಪು ಬಣ್ಣ ಬಿಸಿಲಿಗೆ ಕಾಯುತ್ತದೆ, ಇಲ್ಲಿ ಅದು ಲಾಭವೇ. ಅಡಿಯಲ್ಲಿ 8ರಿಂದ 10 ತೂತು. ಮಣ್ಣಿನ ಹದ: ಮೂರು ಪಾಲು ಮೇಲ್ಮಣ್ಣು, ಎರಡು ಪಾಲು ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ. ಕರಾವಳಿಯ ನರ್ಸರಿಗಳಲ್ಲಿ ಹಾಕುವುದಕ್ಕಿಂತ ಮರಳು ಜಾಸ್ತಿಯಾಯಿತಲ್ಲ ಎನಿಸಬಹುದು. ನೀರು ಬೇಗ ಇಳಿಯಲೆಂದೇ ಹಾಗೆ. ಗದ್ದೆಯ ಜಿಗುಟು ಮಣ್ಣನ್ನು ಯಾವ ಕಾರಣಕ್ಕೂ ತುಂಬಬೇಡಿ.

ಕಾಯಿಯನ್ನು ಮೊಳಕೆಯಿಂದ ಬೇರ್ಪಡಿಸಬಾರದು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೂತರೆ ಸಾಕು. ಸುಮಾರು ಒಂದು ವರ್ಷ ಸಸಿ ಉಣ್ಣುವುದು ಕಾಯಿಯೊಳಗಿನದ್ದನ್ನೇ. ಮೊದಲ ನಾಲ್ಕೈದು ಎಲೆ ಸೀಳದೆ ಮೀನಿನ ಬಾಲದಂತೆ ಬರುತ್ತವೆ, ಅದು ಸಹಜ.

ಮೊದಲ ಚಳಿಗಾಲ

ನವೆಂಬರ್ ಎರಡನೇ ವಾರದಿಂದ ಫೆಬ್ರವರಿ ಮಧ್ಯದವರೆಗಿನ ನೂರು ದಿನ ಎಚ್ಚರ ತಪ್ಪಬಾರದು. ಬೆಳಗಿನ ಜಾವ ತಾಪ 12-14 ಡಿಗ್ರಿಗೆ ಇಳಿಯುವುದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ.

ಚೀಲಗಳನ್ನು ಮನೆಯ ದಕ್ಷಿಣದ ಗೋಡೆಗೆ ತನ್ನಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಗೋಡೆಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು. ಸಿಮೆಂಟು ನೆಲದ ಮೇಲೆ ನೇರ ಇಡಬೇಡಿ, ರಾತ್ರಿ ಬೇರಿನ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಎರಡು ಅಡಿಕೆ ದಬ್ಬೆ ಅಥವಾ ಹಲಗೆ ಹಾಕಿ ಅದರ ಮೇಲೆ ಸಾಲಾಗಿ ಒತ್ತೊತ್ತಿಗೆ ಇಡಿ. ಚೀಲಗಳ ಸಂದಿಯಲ್ಲಿ, ಸುತ್ತಲೂ, ಒಣ ದರಕು (ಉದುರಿದ ಎಲೆ) ಅಥವಾ ಭತ್ತದ ಹೊಟ್ಟು ತುಂಬಿ. ಹೊದ್ದು ಮಲಗಿದಂತೆ ಬೇರು ಬೆಚ್ಚಗಿರುತ್ತದೆ. ಇಬ್ಬನಿ ದಟ್ಟವಾಗಿ ಬೀಳುವ ದಿನಗಳಲ್ಲಿ ನಾಲ್ಕು ಗೂಟ ನೆಟ್ಟು ಮೇಲೆ ಗೋಣಿತಟ್ಟು ಕಟ್ಟಿ. ಎಲೆಗೆ ತಾಗಬಾರದು, ಬೆಳಿಗ್ಗೆ ಎಂಟಕ್ಕೆ ತೆಗೆಯಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೆ ಬೆವತು, ಆ ನೀರು ಸುಳಿಗೆ ಇಳಿದು ಕೊಳೆಸುತ್ತದೆ.

ಇನ್ನು ನೀರು. ಚಳಿಗಾಲದಲ್ಲಿ ಸಾಯುವ ಸಸಿಗಳಲ್ಲಿ ಹೆಚ್ಚಿನವು ಪ್ರೀತಿಯಿಂದ ಹೊಯ್ದ ನೀರಿಗೇ ಸಾಯುತ್ತವೆ. ಮಣ್ಣು 15 ಡಿಗ್ರಿಯ ಹತ್ತಿರ ಬಂದಾಗ ಬೇರು ಎದುರಿಗೆ ನೀರಿದ್ದರೂ ಹೀರಲಾರದು. ಮೇಲೆ ಹಗಲಿನ ಬಿಸಿಲಿಗೆ ಎಲೆ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಎಲೆ ಮಡಚಿ ಬಾಡಿದಂತೆ ಕಾಣುತ್ತದೆ. ನೋಡಿದವರು ಬಾಯಾರಿಕೆ ಎಂದುಕೊಂಡು ಸಂಜೆ ಒಂದು ಕೊಡ ಹೊಯ್ಯುತ್ತಾರೆ. ರಾತ್ರಿ ಆ ನೀರು ಮಣ್ಣನ್ನು ಇನ್ನಷ್ಟು ತಣಿಸುತ್ತದೆ, ಬೇರು ಉಸಿರಾಡಲು ಗಾಳಿ ಇರುವುದಿಲ್ಲ. ಮರುದಿನ ಎಲೆ ಮತ್ತೂ ಬಾಡುತ್ತದೆ, ಮತ್ತೊಂದು ಕೊಡ ಬೀಳುತ್ತದೆ. ಹದಿನೈದು ದಿನದಲ್ಲಿ ಬೇರು ಕಪ್ಪಾಗಿ ಕೊಳೆತು ಸುಳಿ ಕೈಗೆ ಬರುತ್ತದೆ.

ಎಲೆ ಬಾಡಿದ್ದು ಕಂಡರೆ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒದ್ದೆಯಾಗಿ ತಣ್ಣಗಿದ್ದರೆ ನೀರು ನಿಲ್ಲಿಸಿ, ಚೀಲವನ್ನು ಬಿಸಿಲಿಗೆ ಸರಿಸಿ. ಒಣಗಿದ್ದರೆ ಮಾತ್ರ ನೀರು: ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ಲೀಟರ್, ಬೆಳಿಗ್ಗೆ 9ರಿಂದ 10ರೊಳಗೆ, ಸುಳಿಗೆ ತಾಗದಂತೆ ಬುಡಕ್ಕೆ. ಆಗಷ್ಟೇ ಬಾವಿಯಿಂದ ಸೇದಿದ ನೀರಾಗಿರಲಿ. ಚಳಿಗಾಲದ ಮುಂಜಾನೆ ಬಾವಿಯ ನೀರು ಹಬೆಯಾಡುವಷ್ಟು ಬೆಚ್ಚಗಿರುವುದು ಎಲ್ಲರಿಗೂ ಗೊತ್ತು. ರಾತ್ರಿಯಿಡೀ ತಾರಸಿಯ ಟ್ಯಾಂಕಿನಲ್ಲಿ ಕೂತ ನೀರಿಗೂ ಅದಕ್ಕೂ ಕೈಯಿಟ್ಟರೇ ವ್ಯತ್ಯಾಸ ತಿಳಿಯುತ್ತದೆ.

ಈ ನೂರು ದಿನ ಗೊಬ್ಬರ ಬೇಡ. ಹಳೆಯ ಎಲೆಯ ತುದಿ ಕಂದಾದರೆ ಚಿಂತೆಯಿಲ್ಲ. ಬೂದು ಬಣ್ಣದ ಚುಕ್ಕೆಗೆ ಹಳದಿ ಅಂಚು ಕಂಡರೆ ಅದು ಎಲೆಚುಕ್ಕೆ ರೋಗ. ಆ ಎಲೆ ಕತ್ತರಿಸಿ ಸುಟ್ಟು, ಉಳಿದವಕ್ಕೆ ಅಡಿಕೆಗೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ.

ಜಾಗ ಮತ್ತು ಗುಂಡಿ

ಅಡಿಕೆ ತೋಟದ ನಡುವೆ ತೆಂಗು ನೆಡುವುದು ನಮ್ಮಲ್ಲಿ ಬಹಳ ಮಂದಿಯ ಆಸೆ. ಘಟ್ಟದ ಮೇಲಿನ ತೋಟಗಳು ಕಣಿವೆಯಲ್ಲಿವೆ. ರಾತ್ರಿ ತಣ್ಣನೆ ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ಬಂದು ಅಲ್ಲೇ ತಂಗುತ್ತದೆ, ಬಿಸಿಲು ತಲುಪುವುದು ತಡ, ಅಡಿಕೆಯ ನೆರಳು ಬೇರೆ. ತೆಂಗಿಗೆ ಅದು ಸರಿಯಾದ ಜಾಗವಲ್ಲ. ಮನೆಯ ಹಿತ್ತಲಿನ ದಿಬ್ಬ, ದಕ್ಷಿಣ ಅಥವಾ ನೈಋತ್ಯಕ್ಕೆ ಮುಖ ಮಾಡಿದ ಇಳಿಜಾರು, ಹಿಂದೆ ಗೋಡೆಯೋ ಚಿರೆಕಲ್ಲಿನ ಪಾಗಾರವೋ ಇರುವ ಕಡೆ ಆರಿಸಿ. ಸಂಶಯವಿದ್ದರೆ ಡಿಸೆಂಬರ್‌ನಲ್ಲಿ ಒಂದು ವಾರ ಎರಡೂ ಜಾಗದಲ್ಲಿ ನೆಲದಿಂದ ಅಡಿ ಎತ್ತರಕ್ಕೆ ಥರ್ಮಾಮೀಟರ್ ಕಟ್ಟಿ, ಬೆಳಿಗ್ಗೆ ಆರಕ್ಕೆ ಓದಿ ಬರೆದಿಡಿ. ನೂರು ಹೆಜ್ಜೆ ಅಂತರದಲ್ಲೂ ವ್ಯತ್ಯಾಸ ಕಾಣುತ್ತದೆ.

ಚಿರೆಕಲ್ಲಿನ ನೆಲವಾದರೆ ಗುಂಡಿ 1.2 ಮೀಟರ್ ಉದ್ದ, ಅಗಲ, ಆಳ. ಮೆದು ಮಣ್ಣಾದರೆ 1 ಮೀಟರ್ ಸಾಕು. ಚಿರೆಕಲ್ಲಿನ ಗುಂಡಿಗೆ ನೆಡುವ ಆರು ತಿಂಗಳ ಮೊದಲೇ, ಅಂದರೆ ನವೆಂಬರ್‌ನಲ್ಲಿ, 2 ಕಿಲೋ ಅಡುಗೆ ಉಪ್ಪು ಹಾಕಿದರೆ ತಳದ ಕಲ್ಲು ಸಡಿಲವಾಗುತ್ತದೆ, ಬೇರು ಇಳಿಯುತ್ತದೆ. ಮರದಿಂದ ಮರಕ್ಕೆ 7.5 ಮೀಟರ್.

ನೆಡುವ ಕಾಲ ಮೇ ಕೊನೆ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ. ಸೆಪ್ಟೆಂಬರ್‌ನಲ್ಲಿ ನೆಡುವುದು ಕರಾವಳಿಯ ತಗ್ಗು ನೆಲಕ್ಕೆ ಸರಿ; ಇಲ್ಲಿ ಆಗ ನೆಟ್ಟರೆ ಬೇರು ಊರಲು ಎರಡೇ ತಿಂಗಳು ಸಿಗುತ್ತದೆ. ಮೇ ತಿಂಗಳಿಗೆ ಸಸಿಯ ಬುಡದ ಸುತ್ತಳತೆ 10 ಸೆಂ.ಮೀ., ಎಲೆ ಆರಾದರೂ ಇರಬೇಕು, ಎಲೆ ಸೀಳಲು ಶುರುವಾಗಿದ್ದರೆ ಇನ್ನೂ ಒಳ್ಳೆಯದು. ಇಷ್ಟಿಲ್ಲದಿದ್ದರೆ ಇನ್ನೊಂದು ವರ್ಷ ದೊಡ್ಡ ಚೀಲದಲ್ಲೇ ಇರಲಿ.

ಕರಾವಳಿಯಲ್ಲಿ ಸಸಿಯನ್ನು ಗುಂಡಿಯೊಳಗೆ ಎರಡಡಿ ಆಳದಲ್ಲಿ ಕೂರಿಸುತ್ತಾರೆ. ಘಟ್ಟದ ಮೇಲೆ ಅಷ್ಟು ಆಳದ ಗುಂಡಿ ಮಳೆಗಾಲದಲ್ಲಿ ಬಾವಿ, ಚಳಿಗಾಲದಲ್ಲಿ ಶೀತದ ತೊಟ್ಟಿ. ಮೇಲ್ಮಣ್ಣು, ಮರಳು, ಕಳಿತ ಗೊಬ್ಬರ ಬೆರೆಸಿ ಗುಂಡಿಯನ್ನು ಒಂದಡಿ ಬಾಕಿ ಇರುವಂತೆ ತುಂಬಿ, ಅಲ್ಲಿ ಕೂರಿಸಿ. ಸಮತಟ್ಟು ನೆಲವಾದರೆ ನೆಲಮಟ್ಟದಲ್ಲೇ ನೆಟ್ಟು ಸುತ್ತ ದಿಬ್ಬ ಮಾಡಿ. ಮೇಲಿನ ಬದಿಯಿಂದ ನೀರು ನುಗ್ಗದಂತೆ ಬಸಿಗಾಲುವೆ ತೆಗೆಯಲೇಬೇಕು. ಮಣ್ಣು ಕಾಯಿಯನ್ನು ಮುಚ್ಚಬೇಕು, ಎಲೆಯ ಸಂದಿಗೆ ಬೀಳಬಾರದು. ಪಡುವಣ ಗಾಳಿಗೆ ಅಲುಗದಂತೆ ಗೂಟಕ್ಕೆ ಕಟ್ಟಿ.

ಮೂರು ತಿಂಗಳ ಮೇಲೆ, ಮಳೆ ಇಳಿಮುಖವಾದಾಗ, ಮೊದಲ ವರ್ಷದ ಗೊಬ್ಬರ: ಸುಮಾರು 110 ಗ್ರಾಂ ಯೂರಿಯಾ, 160 ಗ್ರಾಂ ಶಿಲಾರಂಜಕ, 200 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಬುಡದಿಂದ ಒಂದಡಿ ದೂರದಲ್ಲಿ. ಸೆಪ್ಟೆಂಬರ್ ದಾಟಿದ ಮೇಲೆ ಯೂರಿಯಾ ಹಾಕಿದರೆ ಮೆತ್ತನೆಯ ಹೊಸ ಚಿಗುರು ಚಳಿಗೆ ಎದೆಯೊಡ್ಡಬೇಕಾಗುತ್ತದೆ. ಪೊಟ್ಯಾಷ್ ತಪ್ಪಿಸಬೇಡಿ, ಚಳಿ ಮತ್ತು ಬರ ಎರಡನ್ನೂ ತಡೆಯಲು ತೆಂಗಿಗೆ ಅದೇ ಬಲ.

ಎರಡನೇ ಚಳಿಗಾಲ

ಕಾಯಿಯೊಳಗಿನ ಬುತ್ತಿ ಈ ಹೊತ್ತಿಗೆ ಮುಗಿದಿರುತ್ತದೆ. ಮೊದಲ ಚಳಿಗಾಲ ದಾಟಿತೆಂದು ನಿಶ್ಚಿಂತರಾದವರ ಸಸಿಗಳು ಹೋಗುವುದು ಈಗಲೇ. ನವೆಂಬರ್‌ನಲ್ಲಿ ಬುಡದ ಸುತ್ತ ಮೂರಡಿ ಅಗಲಕ್ಕೆ, ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಒಣ ದರಕು ಹಾಸಿ, ಬುಡಕ್ಕೆ ತಾಗದಂತೆ ಅಂಗೈ ಅಗಲ ಬಿಡಿ. ಹಸಿ ಸೊಪ್ಪು ಬೇಡ. ಉತ್ತರದ ಬದಿಗೆ ಚಿರೆಕಲ್ಲನ್ನು ಮಂಡಿಯೆತ್ತರ ಅರ್ಧಚಂದ್ರವಾಗಿ ಪೇರಿಸಿದರೆ ಹಗಲಿನ ಬಿಸಿಲನ್ನು ಹಿಡಿದು ರಾತ್ರಿ ಬಿಡುತ್ತದೆ. ನೀರಿನ ನಿಯಮ ಹಿಂದಿನದೇ, ಪ್ರಮಾಣ ವಾರಕ್ಕೆರಡು ಸಲ ಒಂದು ಕೊಡ.

ಫೆಬ್ರವರಿಯಲ್ಲಿ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿ ನಿಂತಿದ್ದರೆ ಹೊರಗಿನ ಎಲೆಯೆಲ್ಲ ಕಂದಾಗಿದ್ದರೂ ಸಸಿ ಬದುಕಿದೆ, ಮೇ ತನಕ ಕಾಯಿರಿ. ಕಳಚಿ ಬಂದು ಬುಡದಲ್ಲಿ ನಾರುವ ಕಂದು ಲೋಳೆ ಇದ್ದರೆ ಸುಳಿ ಕೊಳೆ. ಅಷ್ಟಕ್ಕೇ ಕಿತ್ತೆಸೆಯಬೇಡಿ. ಚೂಪಾದ, ಶುದ್ಧ ಚಾಕುವಿನಿಂದ ಕೊಳೆತದ್ದನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಕೆತ್ತಿ ತೆಗೆಯಿರಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಕರಗಿಸಿ, ಬೆರೆಸಿ, ಆ ಬೋರ್ಡೋ ಮುಲಾಮನ್ನು ಗಾಯಕ್ಕೆ ಬಳಿಯಿರಿ. ಮೇಲೆ ಮಣ್ಣಿನ ಮಡಿಕೆ ಬೋರಲು ಹಾಕಿ ಹೊಸ ಸುಳಿ ಬರುವವರೆಗೆ ನೀರು ತಾಗದಂತೆ ಕಾಯಿರಿ. ತಾಮ್ರದ ದ್ರಾವಣಕ್ಕೆ ಕಬ್ಬಿಣದ ಪಾತ್ರೆ ಬಳಸಬಾರದೆಂದು ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ.

ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂತೆ ತ್ರಿಕೋನದ ಕಚ್ಚು ಕಂಡರೆ ಚಳಿಯ ದೋಷವಲ್ಲ, ಕುರುವಾಯಿ ದುಂಬಿಯ ಕೆಲಸ. ಬೇವಿನ ಹಿಂಡಿ ಮತ್ತು ಮರಳನ್ನು ಸಮಪಾಲು ಬೆರೆಸಿ ಸುಳಿಯ ಸುತ್ತಲ ಎಲೆಸಂದಿಗೆ ಒಂದೊಂದು ಹಿಡಿ ಹಾಕಿ.

ಇನ್ನೂ ಚಳಿಯ ಊರಿನಲ್ಲಿರುವವರಿಗೆ

ದಿಲ್ಲಿಯಲ್ಲೋ ಅದಕ್ಕಿಂತ ತಣ್ಣನೆಯ ದೇಶದಲ್ಲೋ ನೆಲೆಸಿದ ಕಾರವಾರ, ಅಂಕೋಲಾ ಕಡೆಯವರು ಮನೆಯೊಳಗೆ ಒಂದು ತೆಂಗಿನ ಸಸಿ ಇಟ್ಟುಕೊಳ್ಳಬಹುದು. ಫಲ ಬಾರದು, ಮೂರ್ನಾಲ್ಕು ವರ್ಷದಲ್ಲಿ ಗರಿ ತಾರಸಿಗೆ ಮುಟ್ಟುತ್ತದೆ, ಅಲ್ಲಿಯವರೆಗೆ ಹಸಿರಾಗಿರುತ್ತದೆ. ವಿದೇಶಕ್ಕೆ ಇಲ್ಲಿಂದ ಬೀಜದ ಕಾಯಿ ಒಯ್ಯುವ ಮೊದಲು ಆ ದೇಶದ ಸಸ್ಯ ಆಮದು ನಿಯಮ ನೋಡಿಕೊಳ್ಳಿ, ಹಲವೆಡೆ ನಿರ್ಬಂಧವಿದೆ. ಅಲ್ಲಿನ ಅಂಗಡಿಯಲ್ಲಿ ಸಿಗುವ ಸುಲಿದ ಕಾಯಿಯೂ ಮೊಳೆಯಬಲ್ಲದು: ಜುಟ್ಟು ಇರುವ, ಬಿರುಕಿಲ್ಲದ, ನೀರು ಕುಲುಕುವ ಕಾಯಿ ನಾಲ್ಕೈದು ತನ್ನಿ. ಜುಟ್ಟಿನಡಿಯಲ್ಲೇ ಕಣ್ಣುಗಳಿರುವುದರಿಂದ ಅದನ್ನು ಕೀಳಬೇಡಿ. ತಣ್ಣನೆ ಗೋದಾಮಿನಲ್ಲಿ ಬಹಳ ದಿನ ಇದ್ದ ಕಾಯಿ ಹೆಚ್ಚಾಗಿ ಮೊಳೆಯುವುದಿಲ್ಲ, ಒಂದೆರಡಾದರೂ ಬರಲೆಂದು ನಾಲ್ಕೈದು. ಎರಡು ದಿನ ನೆನೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವದ ನಾರಿನ ಪುಡಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 30 ಡಿಗ್ರಿಯ ಜಾಗದಲ್ಲಿಟ್ಟು ವಾರಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ.

ಮೊಳೆತ ಮೇಲೆ 35ರಿಂದ 40 ಸೆಂ.ಮೀ. ಅಗಲದ, ತೂತುಗಳಿರುವ ಕುಂಡ. ಅರ್ಧ ಮರಳು, ಅರ್ಧ ನಾರಿನ ಪುಡಿ. ಕುಂಡದಡಿಗೆ ಥರ್ಮೋಸ್ಟಾಟ್ ಇರುವ ಬಿಸಿ ಚಾಪೆ, ಮಣ್ಣು 25ಕ್ಕಿಂತ ಕೆಳಗಿಳಿಯಬಾರದು. ಕೋಣೆ ಬೆಚ್ಚಗಿದ್ದರೆ ಸಾಕೆಂದು ಮಾರ್ಬಲ್ ನೆಲದ ಮೇಲೆ ಕುಂಡ ಇಟ್ಟು ಸಸಿ ಕಳೆದುಕೊಳ್ಳುವವರೇ ಹೆಚ್ಚು. ಕೋಣೆಯ ಗಾಳಿ 22 ಇದ್ದಾಗ ನೆಲಕ್ಕೆ ತಾಗಿದ ಬೇರಿನ ತಾಪ ಅದಕ್ಕಿಂತ ಬಹಳ ಕಡಿಮೆಯಿರುತ್ತದೆ. ಬೆಳಕು ದಿನಕ್ಕೆ 12 ಗಂಟೆ ಬೇಕು, ಕಿಟಕಿಯದು ಸಾಲದಿದ್ದರೆ ಸಸಿಗಳಿಗೆಂದೇ ಬರುವ ಎಲ್‌ಇಡಿ ದೀಪ ಹಾಕಿ. ಹೀಟರಿನ ಒಣಗಾಳಿಗೆ ಎಲೆಯಡಿ ತೆಳು ಬಲೆ ಕಟ್ಟುವ ಕೆಂಪು ನುಸಿ ಬರುತ್ತದೆ, ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿ. ಹತ್ತನೇ ತಿಂಗಳಿಂದ, ಕಾಯಿಯ ಬುತ್ತಿ ತೀರುವ ಮೊದಲೇ, ಪೊಟ್ಯಾಷ್ ಇರುವ ಗೊಬ್ಬರವನ್ನು ತೆಳುವಾಗಿ ಕರಗಿಸಿ ತಿಂಗಳಿಗೊಮ್ಮೆ ಹಾಕಲು ಶುರುಮಾಡಿ, ಅದೂ ಮಣ್ಣು ಬೆಚ್ಚಗಿರುವ ತಿಂಗಳುಗಳಲ್ಲಿ ಮಾತ್ರ.